ಕಂಡಕ್ಟರ್ ದೇವರಾಜುವಿನ ಎಡಗಣ್ಣು

ಅರಕಲಗೂಡಿನ ಕೋಟೆ ಬೀದಿಯ ದೇವರಾಜು ಸಂಜೆ ಬಸ್ಸಿನಲ್ಲಿ ಹೆಂಗಸರಿಗೆ ಕಣ್ಣು ಹೊಡೆಯುತ್ತಾನೆಂದು ದೂರು ಬಂದ ದಿನ, ಬಸ್ಸಿನ ಮಾಲೀಕ ಗುಂಡಯ್ಯ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದು, ಇನ್ನೊಂದು ಸಲ ಹೇಳಿ ಎಂದು ಕೇಳಿದ. ದೂರು ತಂದವರು ಹೊಳೆನರಸೀಪುರದ ದಾದಿ ಕಮಲಾಕ್ಷಮ್ಮ. ವಾರಕ್ಕೆರಡು ಸಲ ಬಾಣಂತಿಯರನ್ನು ನೋಡಲು ಅದೇ ಬಸ್ಸಿನಲ್ಲಿ ಅರಕಲಗೂಡಿಗೆ ಬರುತ್ತಿದ್ದ, ಐವತ್ತು ದಾಟಿದ, ಬೇಸಗೆಯಲ್ಲೂ ಕೊಡೆ ಬಿಡದ ಹೆಂಗಸು. ಕಂಡಕ್ಟರು ಟಿಕೆಟ್ ಹರಿದುಕೊಟ್ಟು, ಅವಸರವಿಲ್ಲದೆ, ಪಳಗಿದವನ ಹಾಗೆ ಎಡಗಣ್ಣು ಮುಚ್ಚಿದನೆಂದು ಅವರು ಹೇಳಿದರು. ಅದೂ ಒಂದು ಸಲವಲ್ಲ, ಮೂರು ಸಲ.

ಗುಂಡಯ್ಯನಿಗೆ ನಂಬಲಾಗಲಿಲ್ಲ. ದೇವರಾಜು ಹದಿನಾಲ್ಕು ವರ್ಷದಿಂದ ಅವನ ಅರಕಲಗೂಡು-ಚನ್ನರಾಯಪಟ್ಟಣ ಬಸ್ಸಿನಲ್ಲಿ ಸೀಟಿ ಊದಿದವನು. ಹೆಂಗಸರ ಮುಖ ನೋಡಿ ಟಿಕೆಟ್ ಕೊಟ್ಟವನಲ್ಲ. ಅವರ ಕೈಚೀಲದ ಜೊತೆ ಮಾತಾಡಿ, ಕೈಚೀಲಕ್ಕೇ ಚಿಲ್ಲರೆ ಕೊಟ್ಟು ಮುಂದೆ ಹೋಗುತ್ತಿದ್ದ. ಆದರೆ ಆ ವಾರವೇ ಮಿಡ್ಲ್ ಸ್ಕೂಲಿನ ಮೇಷ್ಟರೊಬ್ಬರು ತಮ್ಮ ಹೆಂಡತಿಯ ಪರವಾಗಿ ಅದೇ ದೂರು ತಂದರು. ಮಾರನೆಯ ದಿನ ಎಪ್ಪತ್ತು ವರ್ಷದ ಅಜ್ಜಿಯೊಬ್ಬಳು ಬಂದಳು. ಅವಳು ದೂರು ಕೊಡಲಿಲ್ಲ, ಆ ಹುಡುಗನಿಗೆ ಮದುವೆಯಾಗಿದೆಯೇ ಎಂದಷ್ಟೇ ವಿಚಾರಿಸಿಕೊಂಡು ಹೋದಳು.

ಇದು ಸಾವಿರದ ಒಂಬೈನೂರ ಅರವತ್ಮೂರನೇ ಇಸವಿ, ಕಾರ್ತಿಕ ಮಾಸದ ಮಾತು. ದೇವರಾಜುವಿಗೆ ನಲವತ್ತೆರಡು ವರ್ಷ.

ಸುದ್ದಿ ಮನೆಗೆ ಬರಲು ಎರಡು ದಿನ ಹಿಡಿಯಿತು. ಬೀದಿಯ ಕೊಳಾಯಿಯ ಹತ್ತಿರ ಡ್ರೈವರ್ ಬೈರಯ್ಯನ ಹೆಂಡತಿ ಬಿಂದಿಗೆ ತುಂಬುವಷ್ಟರಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದಳು. ದೇವರಾಜುವಿನ ಹೆಂಡತಿ ಪುಟ್ಟತಾಯಮ್ಮ ತುಂಬಿದ ಬಿಂದಿಗೆಯನ್ನು ಅಲ್ಲೇ ಬಿಟ್ಟು ಬರಿಗೈಲಿ ಮನೆಗೆ ಬಂದಳು. ಮತ್ತೆ ಹೋಗಿ ತಂದವಳು ಅತ್ತೆ ದೊಡ್ಡತಾಯಮ್ಮ.

ಆ ರಾತ್ರಿ ಮುದ್ದೆ ತಟ್ಟೆಗೆ ಬಿದ್ದ ಸದ್ದಿಗೇ ದೇವರಾಜುವಿಗೆ ಏನೋ ಆಗಿದೆಯೆಂದು ಗೊತ್ತಾಯಿತು. ಪುಟ್ಟತಾಯಮ್ಮ ಸಾರು ಬಿಡಲಿಲ್ಲ. ಹೊಳೆನರಸೀಪುರದ ದಾದಿಯ ವಯಸ್ಸೆಷ್ಟು ಎಂದು ಕೇಳಿದಳು. ತನಗೆ ಗೊತ್ತಿಲ್ಲ, ತಾನು ನೋಡಿಲ್ಲ ಎಂದ. ನೋಡದೆ ಕಣ್ಣು ಹೊಡೆಯುವುದು ಹೇಗೆ ಎಂದು ಅವಳು ಕೇಳಿದಳು. ಹದಿಮೂರು ವರ್ಷದ ಮಗಳು ಕೆಂಪಿ ಪುಸ್ತಕದಿಂದ ತಲೆ ಎತ್ತಿದಳು. ಅಜ್ಜಿ ಅವಳಿಗೆ ಮಗ್ಗಿ ಬಾಯಿಪಾಠ ಮಾಡು, ಗಟ್ಟಿಯಾಗಿ ಮಾಡು ಎಂದಳು. ಕೆಂಪಿ ಹದಿನೇಳರ ಮಗ್ಗಿ ಹೇಳುತ್ತಿದ್ದ ಹಾಗೆಯೇ ಒಳಗೆ ಜಗಳ ನಡೆಯಿತು.

ದೊಡ್ಡತಾಯಮ್ಮ ಮಗನ ಪರ ನಿಂತಳು. ಇವನು ಹೆಣ್ಣು ನೋಡಲು ಕೊಣನೂರಿಗೆ ಹೋದಾಗ ತಲೆಯನ್ನೇ ಎತ್ತಲಿಲ್ಲ, ಕಾಫಿ ಲೋಟ ನೋಡಿ ಒಪ್ಪಿಗೆ ಅಂದ, ಧಾರೆಯ ದಿನ ಹಸೆಮಣೆಯ ಮೇಲೆ ಕುಳಿತ ಹೆಣ್ಣು ಇದೇನಾ ಎಂದು ತನ್ನನ್ನೇ ಕಿವಿಯಲ್ಲಿ ಕೇಳಿದ, ಅಂಥವನು ಹೋಗಿ ಹೋಗಿ ಸೂಲಗಿತ್ತಿಗೆ ಕಣ್ಣು ಹೊಡೆಯುತ್ತಾನೆಯೇ ಎಂದು ವಾದಿಸಿದಳು. ಹಸೆಮಣೆಯ ವಿಷಯ ಪುಟ್ಟತಾಯಮ್ಮನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಜಗಳ ಇನ್ನೂ ಒಂದು ಗಂಟೆ ನಡೆಯಿತು.

ದೇವರಾಜು ಒಂದು ಮಾತನ್ನು ಮುಚ್ಚಿಟ್ಟಿದ್ದ. ಒಂದು ತಿಂಗಳಿನಿಂದ ಸಂಜೆಯಾದರೆ ಅವನ ಎಡಗಣ್ಣಿನ ರೆಪ್ಪೆ ಒದ್ದೆ ಗೋಣಿಯ ಹಾಗೆ ಭಾರವಾಗಿ ತಾನಾಗಿಯೇ ಇಳಿಯುತ್ತಿತ್ತು. ಹುಬ್ಬು ಮೇಲೆತ್ತಿದರೆ ಸ್ವಲ್ಪ ಏಳುತ್ತಿತ್ತು, ಮತ್ತೆ ಬೀಳುತ್ತಿತ್ತು. ಅದೂ ಸಾಲದೆಂಬಂತೆ ಒಂದು ವಸ್ತು ಎರಡಾಗಿ ಕಾಣುತ್ತಿತ್ತು. ಒಂದು ಕಣ್ಣು ಮುಚ್ಚಿದರೆ ಮಾತ್ರ ಎರಡು ಒಂದಾಗುತ್ತಿತ್ತು. ಬೆಳಗ್ಗೆ ಎದ್ದರೆ ಯಾವುದೂ ಇಲ್ಲ. ಹೇಳಿದರೆ ಕೆಲಸ ಹೋಗುತ್ತದೆಂದು ಹೆದರಿ ಅವನು ಯಾರಿಗೂ ಹೇಳಿರಲಿಲ್ಲ.

ನಾಲ್ಕು ದಿನ ಬಿಟ್ಟು ಪುಟ್ಟತಾಯಮ್ಮ ಹೊಳೆನರಸೀಪುರದಲ್ಲಿ ಚಿಕ್ಕಮ್ಮನಿಗೆ ಜ್ವರವೆಂದು ಅತ್ತೆಗೆ ಹೇಳಿ ಮಧ್ಯಾಹ್ನ ಬೇರೆ ಬಸ್ಸಿನಲ್ಲಿ ಹೊರಟಳು. ಚಿಕ್ಕಮ್ಮನ ಮನೆಯ ಕಡೆ ಕಾಲೂ ಹಾಕಲಿಲ್ಲ. ಐದೂವರೆಗೆ ಚನ್ನರಾಯಪಟ್ಟಣದಿಂದ ಗಂಡನ ಬಸ್ಸು ಬರುವುದನ್ನೇ ಕಾದು, ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ಹಿಂದಿನ ಸೀಟಿನಲ್ಲಿ ಕುಳಿತಳು. ಪಕ್ಕದಲ್ಲಿ ಸಂತೆಯಿಂದ ಬರುತ್ತಿದ್ದ ರೈತನೊಬ್ಬ, ಅವನ ಮೊಣಕಾಲುಗಳ ನಡುವೆ ಒಂದು ಮೇಕೆ.

ಸೇತುವೆ ದಾಟಿದ ಮೇಲೆ ದೇವರಾಜು ಟಿಕೆಟ್ ಹರಿಯುತ್ತ ಬಂದ. ಪುಟ್ಟತಾಯಮ್ಮ ಸೆರಗಿನೊಳಗಿಂದ ಕೈ ಚಾಚಿ ದುಡ್ಡು ಹಿಡಿದಳು. ದೇವರಾಜು ಆ ಕೈಯ ಪಕ್ಕದ ಬರಿ ಗಾಳಿಯಿಂದ ದುಡ್ಡು ತೆಗೆದುಕೊಳ್ಳಲು ಹೋದ, ಸಿಗಲಿಲ್ಲ. ಮತ್ತೆ ಪ್ರಯತ್ನಿಸಿ ಕೈ ಹಿಡಿದ. "ಎರಡು ಟಿಕೆಟ್ಟಾ ತಾಯಿ?" ಎಂದು ಅವಳ ಕೈಚೀಲವನ್ನು ಕೇಳಿದ. ಅವಳು ಒಂದು ಬೆರಳು ತೋರಿಸಿದಳು. ಎರಡಲ್ಲವೇ ಅದು ಎಂದು ಇನ್ನೊಮ್ಮೆ ಖಾತ್ರಿ ಮಾಡಿಕೊಂಡು, ಕೊನೆಗೆ ಒಂದೇ ಹರಿದುಕೊಟ್ಟ. ಹತ್ತೊಂಬತ್ತು ವರ್ಷ ಬಾಳ್ವೆ ಮಾಡಿದ ಹೆಂಡತಿಯ ಬಳೆ, ಸೀರೆ, ಚೀಲ ಯಾವುದೂ ಅವನಿಗೆ ಗುರುತು ಸಿಗಲಿಲ್ಲ.

ಆಮೇಲೆ ಅವನು ಮೇಕೆಯ ಟಿಕೆಟ್ ಬಗ್ಗೆ ರೈತನ ಜೊತೆ ಮಾತಿಗೆ ನಿಂತ. ಮಾತಾಡುತ್ತ ಮೇಕೆಯನ್ನು ನೋಡಿದ. ಅವನ ಎಡಗಣ್ಣಿನ ರೆಪ್ಪೆ ನಿಧಾನವಾಗಿ ಇಳಿಯಿತು. ಹುಬ್ಬು ಎದ್ದಿತು, ರೆಪ್ಪೆ ಎದ್ದಿತು, ಮತ್ತೆ ಇಳಿಯಿತು. ಪುಟ್ಟತಾಯಮ್ಮ ಕಣ್ಣು ಕೀಳದೆ ನೋಡಿದಳು. ಅವನು ಮುಂದಿನ ಸೀಟಿನ ರಾಗಿ ಮೂಟೆಗೂ ಕಣ್ಣು ಹೊಡೆದ, ಬಾಗಿಲಿನ ಕಂಬಿಗೂ ಹೊಡೆದ, ಬೈರಯ್ಯನ ಬೆನ್ನಿಗೂ ಹೊಡೆದ.

ಅರಕಲಗೂಡಿನಲ್ಲಿ ಅವಳು ಎಲ್ಲರಿಗಿಂತ ಮೊದಲು ಇಳಿದು ಓಡುತ್ತ ಮನೆಗೆ ಬಂದಳು. ಬಂದವಳೇ ಅತ್ತೆಯ ಮುಂದೆ ಕುಳಿತಳು.

"ಅತ್ತೆ, ಇವ್ರು ಮೇಕೆಗೂ ಕಣ್ ವಡೀತಾರೆ ಕಣತ್ತೆ."

ದೊಡ್ಡತಾಯಮ್ಮ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ, ಸೊಸೆಯ ಚಿಕ್ಕಮ್ಮನ ಜ್ವರ ಇಳಿಯಿತೇ ಎಂದು ಕೇಳಿದಳು.

ಅಂದಿನಿಂದ ಜಗಳ ನಿಂತು ಔಷಧ ಶುರುವಾಯಿತು. ಸಮಸ್ಯೆ ಹೆಂಗಸರದಲ್ಲ, ಕಣ್ಣಿನದು ಎಂದಾದ ಮೇಲೆ ಅದು ದೊಡ್ಡತಾಯಮ್ಮನ ಇಲಾಖೆಗೆ ಸೇರಿತು. ದೃಷ್ಟಿ ಬಿದ್ದಿದೆಯೆಂದು ಮೆಣಸಿನಕಾಯಿ ನಿವಾಳಿಸಿದಳು. ರಾತ್ರಿ ಮಲಗುವಾಗ ಎರಡು ಕಣ್ಣಿಗೂ ನಂದಿಬಟ್ಟಲು ಹೂವಿಟ್ಟು ಬಟ್ಟೆ ಕಟ್ಟಿದಳು. ನೆತ್ತಿಗೆ ಹರಳೆಣ್ಣೆ ಒತ್ತಿದಳು. ಬೆಳಗ್ಗೆ ಕಣ್ಣು ಸರಿಯಾಗಿರುತ್ತಿತ್ತು, ಅವಳಿಗೆ ಹೆಮ್ಮೆಯಾಗುತ್ತಿತ್ತು. ಸಂಜೆ ರೆಪ್ಪೆ ಇಳಿಯುತ್ತಿತ್ತು, ಹೂವು ಸಾಲಲಿಲ್ಲವೆಂದು ನಾಳೆಗೆ ಇನ್ನೆರಡು ಹೆಚ್ಚಿಗೆ ತರುತ್ತಿದ್ದಳು. ಪೇಟೆಯ ಡಾಕ್ಟರು ಬೆಳಗ್ಗೆ ಎಂಟಕ್ಕೆ ನೋಡಿ, ಇಷ್ಟು ಚೆನ್ನಾಗಿರುವ ಕಣ್ಣನ್ನು ತಾವು ಈ ವರ್ಷ ನೋಡಿಲ್ಲವೆಂದು ಹೇಳಿ ಶಕ್ತಿಗೆ ಮಾತ್ರೆ ಕೊಟ್ಟರು. ಚನ್ನರಾಯಪಟ್ಟಣದ ಸಂತೆಯಲ್ಲಿ ದೇವರಾಜು ತಾನೇ ಒಂದು ಕನ್ನಡಕ ಕೊಂಡ. ಮೊದಲು ಮಸುಕಾಗಿ ಎರಡು ಕಾಣುತ್ತಿದ್ದವು, ಕನ್ನಡಕ ಹಾಕಿದ ಮೇಲೆ ಸ್ಪಷ್ಟವಾಗಿ ಎರಡು ಕಂಡವು.

ಎರಡು ವಾರ ಹೀಗೆ ಕಳೆಯಿತು. ಒಂದು ಸಂಜೆ ಹೊಳೆನರಸೀಪುರದ ನಿಲ್ದಾಣದಲ್ಲಿ ಬಸ್ಸು ನಿಂತಾಗ ದೇವರಾಜು ಇಳಿಯಲು ಹೋದ. ಅವನಿಗೆ ಎರಡು ಮೆಟ್ಟಿಲು ಸಾಲುಗಳು ಕಂಡವು. ಇಲ್ಲದ ಸಾಲನ್ನು ಆರಿಸಿಕೊಂಡು ಕಾಲಿಟ್ಟ. ಜಲ್ಲಿಯ ಮೇಲೆ ಬಿದ್ದು ಮೊಣಕಾಲು ಸುಲಿದು, ಟಿಕೆಟ್ ಪುಸ್ತಕ ಚರಂಡಿಗೆ ಹೋಯಿತು.

ಅವನನ್ನು ಎತ್ತಿ ಕೂರಿಸಿದವರು ಬಸ್ಸಿಗೆ ಕಾಯುತ್ತಿದ್ದ ಕಮಲಾಕ್ಷಮ್ಮನೇ. ಮೊದಲು ಕುಡಿದಿದ್ದಾನೆಯೇ ಎಂದು ಬಾಯಿ ಮೂಸಿದರು. ಆಮೇಲೆ ಚೀಲದಿಂದ ಹತ್ತಿ, ಟಿಂಚರ್ ತೆಗೆದು ಗಾಯಕ್ಕೆ ಹಚ್ಚಿದರು. ಅಷ್ಟು ಹತ್ತಿರದಿಂದ ಅವನ ಮುಖ ನೋಡಿದ್ದು ಅವರಿಗೂ ಅದೇ ಮೊದಲು. ಟಿಂಚರಿನ ಉರಿಗೆ ಬಲಗಣ್ಣು ಅಗಲವಾಯಿತು, ಎಡಗಣ್ಣು ಅರ್ಧದಲ್ಲೇ ನಿಂತಿತು. ಅವರು ಹೆಬ್ಬೆರಳಿನಿಂದ ಆ ರೆಪ್ಪೆಯನ್ನು ಮೇಲೆತ್ತಿ ಬಿಟ್ಟರು. ಬಿದ್ದಿತು. ಮತ್ತೆ ಎತ್ತಿದರು, ಮತ್ತೆ ಬಿದ್ದಿತು.

ಇದು ಕಣ್ಣು ಹೊಡೆಯುವುದಲ್ಲ, ರೆಪ್ಪೆಯಲ್ಲಿ ತ್ರಾಣವಿಲ್ಲ ಎಂದು ಅವರು ಅಲ್ಲಿದ್ದವರಿಗೆಲ್ಲ ಹೇಳಿದರು. ತಾವು ಕೊಟ್ಟ ದೂರಿನ ಬಗ್ಗೆ ಏನೂ ಹೇಳಲಿಲ್ಲ. ಹಾಸನದ ದೊಡ್ಡಾಸ್ಪತ್ರೆಗೆ ಮೈಸೂರಿನಲ್ಲಿ ಓದಿದ ಶಿವಯ್ಯ ಎಂಬ ಎಳೆ ಡಾಕ್ಟರು ಬಂದಿದ್ದಾರೆ, ತಿಳಿಯದ ಕಾಯಿಲೆ ಕಂಡರೆ ಅವರಿಗೆ ಊಟ ಸೇರುವುದಿಲ್ಲ, ಅವರಲ್ಲಿಗೆ ಹೋಗು ಎಂದರು. ಬಸ್ಸು ಹೊರಟಾಗ ಅವರೇ ಎರಡು ಸಲ ಸೀಟಿ ಊದಿದರೆಂದು ಬೈರಯ್ಯ ಆಮೇಲೆ ಹೇಳುತ್ತಿದ್ದ.

ಗುಂಡಯ್ಯ ಕೆಟ್ಟವನಲ್ಲ. ಆದರೆ ಕಣ್ಣು ನೆಟ್ಟಗಾಗಿದೆಯೆಂದು ಡಾಕ್ಟರು ಬರೆದುಕೊಡುವವರೆಗೆ ಬಸ್ಸು ಹತ್ತಬೇಡ ಎಂದುಬಿಟ್ಟ. ಅಲ್ಲಿಯವರೆಗೆ ತನ್ನ ತಮ್ಮನ ಮಗ ಸೀಟಿ ಊದುತ್ತಾನೆ ಎಂದ. ತಮ್ಮನ ಮಗನಿಗೆ ಒಮ್ಮೆ ಸೀಟಿ ಕೊಟ್ಟರೆ ಮತ್ತೆ ಬಿಡಿಸಿಕೊಳ್ಳುವುದು ಕಷ್ಟವೆಂದು ದೇವರಾಜುವಿಗೂ ಗೊತ್ತಿತ್ತು, ಪುಟ್ಟತಾಯಮ್ಮನಿಗೂ ಗೊತ್ತಿತ್ತು.

ಈ ನಡುವೆ ಕಣ್ಣು ಹೊಡೆದ ಹಳೆಯ ಸುದ್ದಿ ತಡವಾಗಿ ಕೊಣನೂರು ಮುಟ್ಟಿತ್ತು. ಪುಟ್ಟತಾಯಮ್ಮನ ಅಪ್ಪ ತಿಮ್ಮಪ್ಪ ಒಂದು ಬೆಳಗ್ಗೆ ಹೆಗಲ ಮೇಲೆ ಅವರೆಕಾಯಿಯ ಮೂಟೆ ಹೊತ್ತುಕೊಂಡು ನ್ಯಾಯ ತೀರ್ಮಾನಕ್ಕೆ ಬಂದ. ಊರಿನ ಪಂಚಾಯಿತಿಗಳಲ್ಲಿ ಮೂವತ್ತು ವರ್ಷ ಮಾತಾಡಿದ ಮುದುಕ. ಜಗುಲಿಯ ಮೇಲೆ ಅಳಿಯನನ್ನು ಎದುರಿಗೆ ಕೂರಿಸಿಕೊಂಡು ಮುಖ ನೋಡಿದ. ಬೆಳಗಿನ ಹೊತ್ತು, ಎರಡು ಕಣ್ಣೂ ದೀಪದ ಹಾಗಿದ್ದವು.

"ಕಣ್ ವಡ್ದಿದ್ದು ಉಂಟೋ ಇಲ್ವೋ. ಎರಡ್ರಲ್ಲಿ ಒಂದೇಳು."

"ನಾನ್ ವಡೀಲಿಲ್ಲ ಮಾವ. ಅದೇ ವಡ್ಕತು."

ಇಂಥ ಉತ್ತರ ತಾನು ಯಾವ ಪಂಚಾಯಿತಿಯಲ್ಲೂ ಕೇಳಿಲ್ಲವೆಂದು ತಿಮ್ಮಪ್ಪ ಹೇಳಿದ. ಮಗಳು ಅಪ್ಪನನ್ನು ಒಳಗೆ ಕರೆದು ಎಲ್ಲ ವಿವರಿಸಿದಳು. ಮೇಕೆಯ ಸಂಗತಿ ಮಾತ್ರ ಬೇರೆ ಯಾರೋ ನೋಡಿದ್ದು ಎಂದು ಹೇಳಿದಳು. ಸಂಜೆಯವರೆಗೆ ಇದ್ದು ಕಣ್ಣಾರೆ ನೋಡಿಯೇ ಹೋಗುತ್ತೇನೆಂದು ಅವನು ಉಳಿದ. ಆದರೆ ದೇವರಾಜುವಿಗೆ ಕೆಲಸವಿರಲಿಲ್ಲ. ಉಂಡು ಮಲಗಿ ನಾಲ್ಕು ಗಂಟೆಗೆ ಎದ್ದ. ಆ ಸಂಜೆ ರೆಪ್ಪೆ ಸುಮಾರಾಗಿ ಎದ್ದೇ ಇತ್ತು. ಮಾರನೆಯ ದಿನವೂ ಹಾಗೆಯೇ. ತಿಮ್ಮಪ್ಪನ ಮುಖ ಗಂಟಾಯಿತು. ಇದು ಕಣ್ಣಿನ ಕಾಯಿಲೆಯಲ್ಲ, ಮೈಗಳ್ಳತನ, ಮನೆಯಲ್ಲಿ ಕೂತರೆ ವಾಸಿಯಾಗುವ ಕಾಯಿಲೆ ತನಗೂ ಬೇಕಾಗಿತ್ತು ಎಂದು ಅವನು ಹಿತ್ತಲಿನಲ್ಲಿ ಗಟ್ಟಿಯಾಗಿಯೇ ಹೇಳಿದ. ಮೊಮ್ಮಗಳು ಅದನ್ನು ಅಡುಗೆಮನೆಗೆ ಮುಟ್ಟಿಸಿದಳು. ದೊಡ್ಡತಾಯಮ್ಮ ಅಂದು ಬೀಗರಿಗೆ ಎರಡನೇ ಸಲ ಮಜ್ಜಿಗೆ ಬೇಕೇ ಎಂದು ಕೇಳಲಿಲ್ಲ.

ಅಪ್ಪನ ಮಾತಿನಿಂದ ಸಿಟ್ಟಾದ ಪುಟ್ಟತಾಯಮ್ಮ ಗಂಡನಿಗೆ ಕೆಲಸ ಹಚ್ಚಿದಳು. ಸಂಕ್ರಾಂತಿ ಹತ್ತಿರವಾಗಿತ್ತು. ಅವರೆಕಾಳು ಹಿತುಕಿಸಿದಳು, ಸೌದೆ ಒಡೆಸಿದಳು. ಮೂರನೆಯ ದಿನ ಬೆಳಗ್ಗೆ ಒಂಬತ್ತಕ್ಕೆ ಬಿದಿರಿನ ಗಳುವಿಗೆ ಪೊರಕೆ ಕಟ್ಟಿಕೊಟ್ಟು ಹೆಂಚಿನ ಕೆಳಗಿನ ಜೇಡರ ಬಲೆ ತೆಗೆಯಲು ಹೇಳಿದಳು. ಅವನು ಕತ್ತೆತ್ತಿ, ಮೇಲೆ ನೋಡುತ್ತ ಪೊರಕೆ ಆಡಿಸಿದ. ಒಂದು ತೊಲೆ ಮುಗಿಯುವುದರೊಳಗೆ ಪೊರಕೆ ಬಲೆಯನ್ನು ಬಿಟ್ಟು ಅತ್ತೆಯ ಉಪ್ಪಿನಕಾಯಿ ಜಾಡಿಗೆ ಬಡಿಯಿತು. ಎಲ್ಲರೂ ಓಡಿಬಂದರು. ದೇವರಾಜು ಗಳು ಹಿಡಿದು ನಿಂತಿದ್ದ. ಎಡಗಣ್ಣು ಪೂರ್ತಿ ಮುಚ್ಚಿತ್ತು. ಹೊರಗೆ ಬೆಳಗಿನ ಬಿಸಿಲು ಇನ್ನೂ ಎಳೆಯದಾಗಿತ್ತು.

ಒಡೆದ ಜಾಡಿಯ ಕಡೆ ಪುಟ್ಟತಾಯಮ್ಮ ನೋಡಲೇ ಇಲ್ಲ. ಗಂಡನನ್ನು ಕಣ್ಣು ಮುಚ್ಚಿ ಮಲಗಿಸಿದಳು. ಸ್ವಲ್ಪ ಹೊತ್ತಿಗೆ ಎಬ್ಬಿಸಿದಳು. ರೆಪ್ಪೆ ಎದ್ದಿತ್ತು. ತೊಲೆ ನೋಡು ಎಂದಳು, ಕೆಂಪಿಗೆ ಎಣಿಸು ಎಂದಳು. ಕೆಂಪಿ ನೂರಾ ನಲವತ್ತು ಎನ್ನುವಾಗ ರೆಪ್ಪೆ ಇಳಿಯಿತು. ಮತ್ತೆ ಮಲಗಿಸಿ ಮತ್ತೆ ನೋಡಿಸಿದರು. ಈ ಸಲ ನೂರಾ ಹತ್ತಕ್ಕೇ ಇಳಿಯಿತು. ತಿಮ್ಮಪ್ಪ ಸುಳ್ಳು ಹಿಡಿಯಲೆಂದು ಮೂರನೇ ಸಲ ಅಳಿಯನ ಹುಬ್ಬನ್ನು ಬೆರಳಿನಿಂದ ಒತ್ತಿಹಿಡಿದು ನೋಡಿದ. ತೊಂಬತ್ತಕ್ಕೆ ಇಳಿಯಿತು.

"ಇದು ಹೊತ್ತಿನ ಕಾಯಿಲೆ ಅಲ್ಲ ಕಣಪ್ಪ, ದಣಿವಿನ ಕಾಯಿಲೆ. ಬೆಳಿಗ್ಗೇನೂ ಇಳಿಸ್ಬೌದು. ಡಾಕ್ಟ್ರ ಮುಂದೇನೇ ಇಳಿಸ್ಬೌದು," ಎಂದಳು ಪುಟ್ಟತಾಯಮ್ಮ.

ತಿಮ್ಮಪ್ಪ ಹೆಗಲ ಟವಲು ಕೊಡವಿ, ನಾಳೆ ಹಾಸನಕ್ಕೆ ತಾನೂ ಬರುತ್ತೇನೆ ಎಂದ.

ಹಾಸನದ ಆಸ್ಪತ್ರೆಯ ವರಾಂಡದಲ್ಲಿ ಅಂದು ನಲವತ್ತು ಜನರಿದ್ದರು. ಚೀಟಿಯಲ್ಲಿ ದೇವರಾಜುವಿನದು ಇಪ್ಪತ್ತೇಳನೇ ಹೆಸರು. ಇಪ್ಪತ್ತನಾಲ್ಕನೆಯವರನ್ನು ಕರೆದಾಗ ಪುಟ್ಟತಾಯಮ್ಮ ಗಂಡನಿಗೆ ಇನ್ನು ಶುರುಮಾಡಿ ಎಂದಳು. ಅವನು ಬೆಂಚಿನ ಮೇಲೆ ಕುಳಿತು ಮೇಲಿನ ಸೂರನ್ನು ನೋಡತೊಡಗಿದ. ಪಕ್ಕದಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡಿದ್ದವನು ಅಲ್ಲೇನಿದೆಯೆಂದು ತಾನೂ ಮೇಲೆ ನೋಡಿದ. ಅವನ ಪಕ್ಕದವಳೂ ನೋಡಿದಳು. ಹಾವಿರಬೇಕೆಂದು ಯಾರೋ ಅಂದರು. ಡಾಕ್ಟರ್ ಶಿವಯ್ಯ ಇಪ್ಪತ್ತೇಳನೆಯವರು ಯಾಕೆ ಬರಲಿಲ್ಲವೆಂದು ಹೊರಗೆ ಬಂದು ನೋಡಿದರೆ, ವರಾಂಡದ ಅಷ್ಟೂ ರೋಗಿಗಳು ಕತ್ತೆತ್ತಿ ಕುಳಿತಿದ್ದರು. ಡಾಕ್ಟರೂ ಒಮ್ಮೆ ಮೇಲೆ ನೋಡಿದರು.

ಆಮೇಲೆ ಅವರ ದೃಷ್ಟಿ ದೇವರಾಜುವಿನ ಮೇಲೆ ನಿಂತಿತು. ಎಲ್ಲರದೂ ಎರಡು ಕಣ್ಣು ತೆರೆದಿದ್ದವು, ಇವನದು ಒಂದೇ. ಇವರು ಹೀಗೇಕೆ ಕುಳಿತಿದ್ದಾರೆಂದು ಅವರು ಕೇಳಿದರು.

"ಇಳೀಲಿ ಅಂತ ಸಾ. ಇಳಿದಿದ್ದು ನೋಡ್ದೆ ಯಾರೂ ನಂಬಲ್ಲ. ಮೊದ್ಲು ನೂರಾ ನಲವತ್ತಕ್ಕೆ ಇಳೀತದೆ, ಆಮೇಲೆ ನೂರಾ ಹತ್ತಕ್ಕೆ. ಮಲಗಿ ಎದ್ರೆ ಏಳ್ತದೆ," ಎಂದಳು ಪುಟ್ಟತಾಯಮ್ಮ.

ಶಿವಯ್ಯನಿಗೆ ಮೂವತ್ತು ತುಂಬಿರಲಿಲ್ಲ. ಈ ಲೆಕ್ಕ ಹಾಕುವುದನ್ನು ನಿಮಗೆ ಯಾರು ಹೇಳಿಕೊಟ್ಟರೆಂದು ಕೇಳಿದರು. ಜೇಡರ ಬಲೆ ಎಂದಳು ಅವಳು. ಅವರು ರೋಗಿಯನ್ನು ಒಳಗೆ ಕರೆದುಕೊಂಡು ಹೋಗಿ, ಬೆಳಕು ಬಿಟ್ಟು ನೋಡಿದರು, ಪೆನ್ಸಿಲನ್ನು ಆ ಕಡೆ ಈ ಕಡೆ ಆಡಿಸಿ ನೋಡಿದರು, ಕೈ ಹಿಂಡಿಸಿದರು, ಒಂದರಿಂದ ಐವತ್ತು ಎಣಿಸಿ ಎಂದು ದನಿ ಕೇಳಿದರು. ನೀರು ಕುಡಿಸಿ, ಗಂಟಲಲ್ಲಿ ಇಳಿಯುವುದನ್ನು ನೋಡಿದರು. ಕೊನೆಗೆ ಕುರ್ಚಿಯಲ್ಲಿ ಕುಳಿತು, ಈ ಕಾಯಿಲೆಯನ್ನು ತಾವು ಪುಸ್ತಕದಲ್ಲಿ ಓದಿದ್ದೇವೆ, ಮೈಸೂರಿನಲ್ಲಿ ಒಂದೇ ಒಂದು ಸಲ ನೋಡಿದ್ದೇವೆ ಎಂದರು. ಹೆಸರು ಮಯಸ್ತೀನಿಯಾ. ಕಣ್ಣಿನ ದೋಷವಲ್ಲ, ರೆಪ್ಪೆಯನ್ನು ಎತ್ತುವ, ಗುಡ್ಡೆಯನ್ನು ತಿರುಗಿಸುವ ಸ್ನಾಯುಗಳಿಗೆ ನರದ ಅಪ್ಪಣೆ ಸರಿಯಾಗಿ ಮುಟ್ಟುವುದಿಲ್ಲ, ಕೆಲಸ ಮಾಡಿದಷ್ಟೂ ಸೋಲುತ್ತವೆ. ಯಾಕೆ ಹೀಗಾಗುತ್ತದೆಂದು ತಿಮ್ಮಪ್ಪ ಕೇಳಿದ. ಖಚಿತವಾಗಿ ಯಾರಿಗೂ ಗೊತ್ತಿಲ್ಲ, ಕಾಯಿಲೆಯ ಮೇಲೆ ಬೀಳಬೇಕಾದ ಮೈಯ ಕಾವಲುಗಾರರೇ ತಪ್ಪಾಗಿ ಸ್ವಂತ ಸ್ನಾಯುವಿನ ಮೇಲೆ ಬೀಳುತ್ತಾರೆಂದು ಹೊರದೇಶದ ಡಾಕ್ಟರು ಕೆಲವರು ಈಚೆಗೆ ಬರೆಯುತ್ತಿದ್ದಾರೆ ಎಂದರು ಶಿವಯ್ಯ. ಪಂಚಾಯಿತಿಗಳಲ್ಲಿ ಅಂಥ ಕಾವಲುಗಾರರನ್ನು ಬೇಕಾದಷ್ಟು ನೋಡಿದ್ದೇನೆಂದು ತಿಮ್ಮಪ್ಪ ತಲೆಯಾಡಿಸಿದ.

ನಿಜವಾಗಿ ಅದೇ ಕಾಯಿಲೆಯೋ ಎಂದು ತಿಳಿಯಲು ಒಂದು ಇಂಜೆಕ್ಷನ್ ಇದೆ, ಅದೇ ಆಗಿದ್ದರೆ ಅರ್ಧ ಗಂಟೆಯೊಳಗೆ ರೆಪ್ಪೆ ಏಳಬೇಕು ಎಂದು ಡಾಕ್ಟರು ತೋಳಿಗೆ ಚುಚ್ಚಿದರು. ಕಂಪೌಂಡರನ್ನು ಕರೆದರು, ನರ್ಸನ್ನು ಕರೆದರು. ಐದು ಜನ ಅರ್ಧವೃತ್ತವಾಗಿ ನಿಂತು ದೇವರಾಜುವಿನ ಎಡಗಣ್ಣನ್ನು ನೋಡಿದರು. ಇಷ್ಟು ಜನ ತನ್ನ ಮುಖ ನೋಡಿದ್ದು ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ. ನಾಚಿ ನೆಲ ನೋಡಿದ. ತಲೆ ಎತ್ತಿ ಎಂದು ಡಾಕ್ಟರು ಗದರಿದರು. ಹತ್ತು ನಿಮಿಷವಾಯಿತು, ಏನೂ ಇಲ್ಲ. ಪುಟ್ಟತಾಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿದಳು. ಹದಿನೈದಕ್ಕೆ ರೆಪ್ಪೆ ಅಲುಗಿತು. ಬಾವಿಯಿಂದ ಕೊಡ ಎಳೆದ ಹಾಗೆ, ಸ್ವಲ್ಪ ಸ್ವಲ್ಪವೇ ಮೇಲೆ ಬಂತು. ಇಪ್ಪತ್ತೆರಡನೇ ನಿಮಿಷಕ್ಕೆ ಎರಡು ಕಣ್ಣೂ ಸಮವಾದವು.

ಡಾಕ್ಟರು ಮುಂದಕ್ಕೆ ಬಾಗಿ, ನಿಮ್ಮ ಮುಂದೆ ಎಷ್ಟು ಜನ ಹೆಂಗಸರಿದ್ದಾರೆ ಎಂದು ಕೇಳಿದರು.

ದೇವರಾಜು ನರ್ಸನ್ನು ನೋಡಲಿಲ್ಲ. ಹೆಂಡತಿಯ ಮುಖವನ್ನೇ, ಎಲ್ಲರ ಎದುರಿಗೆ, ನೆಟ್ಟಗೆ ನೋಡಿದ.

"ಒಬ್ಳೇ ಸಾ. ಬಲಗಡೆ ಅಂಚು ಒಂಚೂರು ಮಸುಕು, ಆದ್ರೂ ಒಬ್ಳೇ."

ಪುಟ್ಟತಾಯಮ್ಮ ಸೆರಗು ಸರಿಮಾಡಿಕೊಂಡಳು. ಅಷ್ಟರಲ್ಲಿ ಇಂಜೆಕ್ಷನ್ನು ಹೊಟ್ಟೆಗೂ ಕೆಲಸ ಕೊಟ್ಟಿತು. ದೇವರಾಜುವಿನ ಹೊಟ್ಟೆ ಗುಡುಗಿದ್ದು ಕಂಪೌಂಡರಿಗೂ ಕೇಳಿಸಿತು. ಅವನು ಎದ್ದು, ಯಾವ ಕಡೆ ಎಂದು ಕೈಸನ್ನೆಯಲ್ಲಿ ಕೇಳಿ ಓಡಿದ. ಅದೂ ಒಳ್ಳೆಯ ಲಕ್ಷಣವೇ ಎಂದು ಡಾಕ್ಟರು ಸಂತೋಷದಿಂದ ಬರೆದುಕೊಂಡರು.

ಅವನು ಹಿಂತಿರುಗುವ ಮೊದಲು ಶಿವಯ್ಯ ಪುಟ್ಟತಾಯಮ್ಮನಿಗೆ ಬೇರೆ ಮಾತು ಹೇಳಿದರು. ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗಿದರೆ ರೆಪ್ಪೆ ಎದ್ದಿರುತ್ತದೆ, ಎರಡು ಕಾಣುವುದು ಪೂರ್ತಿ ಹೋಗದಿರಬಹುದು, ಆ ಸಂತೆಯ ಕನ್ನಡಕದ ಒಂದು ಗಾಜಿಗೆ ಕಪ್ಪು ಕಾಗದ ಅಂಟಿಸಿದರೆ ಸಾಕು. ಕೆಲವರಿಗೆ ಈ ಕಾಯಿಲೆ ಕಣ್ಣಿನಲ್ಲೇ ನಿಲ್ಲುತ್ತದೆ. ಕೆಲವರಿಗೆ ಗಂಟಲಿಗೆ, ಉಸಿರಿಗೆ ಇಳಿಯುತ್ತದೆ. ಇವರದು ಯಾವುದೆಂದು ಒಂದೆರಡು ವರ್ಷ ಕಾದು ನೋಡಬೇಕು. "ಮುದ್ದೆ ನುಂಗೋಕೆ ಕಷ್ಟ ಆಯ್ತು ಅಂದರೆ ಅವತ್ತೇ ಕರ್ಕೊಂಡು ಬನ್ನಿ. ನಾಳೆ ಅನ್ನಬೇಡಿ," ಎಂದರು. ಅವಳು ಸರಿ ಎಂದಳು. ಈ ಮಾತನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಹೊರಡುವಾಗ ತಿಮ್ಮಪ್ಪ ತನ್ನ ಅಭ್ಯಾಸದಂತೆ ಡಾಕ್ಟರನ್ನು ಯಾವೂರು, ಯಾರ ಮಗ ಎಂದು ವಿಚಾರಿಸಿದ. ದೊಡ್ಡಗದ್ದವಳ್ಳಿಯ ಕಡೆ, ಮಂಚಯ್ಯನ ಮಗ ಎಂದು ಹೇಳಿ, ಕೇರಿಯ ಹೆಸರನ್ನೂ ಶಿವಯ್ಯ ತಾವಾಗಿಯೇ ಸೇರಿಸಿದರು. ತಿಮ್ಮಪ್ಪ ಹಾಸನದಿಂದ ಅರಕಲಗೂಡಿನವರೆಗೆ ಮಾತಾಡಲಿಲ್ಲ. ಮನೆಯಲ್ಲಿ ಬೀಗಿತ್ತಿಗೆ ಆ ಕೇರಿಯ ಹೆಸರನ್ನು ಮೆಲ್ಲಗೆ ಹೇಳಿದ. ದೊಡ್ಡತಾಯಮ್ಮ ಮಗನ ಮುಖವನ್ನು ದೀಪದ ಹತ್ತಿರ ಎಳೆದು ಎರಡು ಕಣ್ಣನ್ನೂ ನೋಡಿದಳು. ಡಾಕ್ಟರು ರೆಪ್ಪೆಯನ್ನು ಕೈಯಿಂದ ಮುಟ್ಟಿದರೇ ಎಂದು ಕೇಳಿದಳು. ಮುಟ್ಟಿದರು ಎಂದ ದೇವರಾಜು.

"ಎದ್ದಿರೋ ರೆಪ್ಪೇನ ಕುಲ ಕೇಳಿ ಇಳಿಸಕ್ಕಾಯ್ತದಾ ಬೀಗ್ರೆ," ಎಂದು ಅವಳು ಒಳಗೆ ಹೋದಳು. ಮುಂದಿನ ಸಲ ಹಾಸನಕ್ಕೆ ಹೋಗುವಾಗ ಡಾಕ್ಟರಿಗೆಂದು ಹಿತುಕಿದ ಅವರೆಕಾಳನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ತಿಮ್ಮಪ್ಪ ಅದು ತನ್ನ ಹೊಲದ ಅವರೆಯೆಂದು ಹೇಳುವುದನ್ನು ಮರೆಯಬೇಡ ಎಂದ.

ಡಾಕ್ಟರ ಸರ್ಟಿಫಿಕೇಟು ಇಂಗ್ಲಿಷಿನಲ್ಲಿತ್ತು. ಗುಂಡಯ್ಯ ಅದನ್ನು ಮೇಲ್ಗಡೆಯಿಂದಲೂ ಕೆಳಗಡೆಯಿಂದಲೂ ನೋಡಿ, ಪ್ರಯಾಣಿಕರಿಗೆ ಇದು ತಿಳಿಯುವುದು ಹೇಗೆ ಎಂದು ಯೋಚಿಸಿದ. ಒಂದು ತಗಡಿನ ಮೇಲೆ ಪೇಂಟಿನಲ್ಲಿ ಬರೆಸಿ ಬಾಗಿಲ ಹತ್ತಿರ ಹೊಡೆಸಿದ: ಕಂಡಕ್ಟರವರ ಕಣ್ಣು ಮುಚ್ಚಿದಲ್ಲಿ ಅದು ಕಾಯಿಲೆ, ಮರ್ಯಾದಸ್ಥ ಪ್ರಯಾಣಿಕರು ಅನ್ಯಥಾ ಭಾವಿಸಬಾರದು. ಸಂಕ್ರಾಂತಿಯ ಮಾರನೆಯ ದಿನ ದೇವರಾಜು ಒಂದು ಗಾಜು ಕಪ್ಪಾದ ಕನ್ನಡಕ ಹಾಕಿಕೊಂಡು ಮತ್ತೆ ಸೀಟಿ ಊದಿದ. ಗುಂಡಯ್ಯನ ತಮ್ಮನ ಮಗ ಸೀಟಿ ಕೊಡಲು ಮೂರು ದಿನ ಸತಾಯಿಸಿದ್ದ.

ಮೂರನೇ ವಾರದಲ್ಲಿ ಬೈರಯ್ಯ, ತಮಾಷೆಗೆಂದು, ನಿನ್ನ ಹೆಂಡತಿ ಅಂದು ಸೆರಗು ಹೊದ್ದು ಹಿಂದಿನ ಸೀಟಿನಲ್ಲಿ ಕುಳಿತದ್ದನ್ನು ಕನ್ನಡಿಯಲ್ಲಿ ತಾನು ನೋಡಿದ್ದೆನೆಂದು ಹೇಳಿಬಿಟ್ಟ. ದೇವರಾಜು ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕುಳಿತ. ಜೋರಾಗಿ ಮಾತಾಡುವ ಮನುಷ್ಯನಲ್ಲ. ಮುದ್ದೆಯನ್ನು ಮುಟ್ಟದೆ, ಹತ್ತೊಂಬತ್ತು ವರ್ಷದ ಮೇಲೆ ತನ್ನ ಹಿಂದೆ ಬಸ್ಸು ಹತ್ತಿದೆಯಾ ಎಂದಷ್ಟೇ ಕೇಳಿದ. ಊರಿನವರು ಅಂದಾಗ ನೋವಾಗಲಿಲ್ಲ, ಸಾಹುಕಾರ ಗುಂಡಯ್ಯ ಕೆಲಸ ಬಿಡಿಸಿದಾಗಲೂ ಆಗಲಿಲ್ಲ, ಈಗ ಆಯಿತು ಎಂದ. ತನ್ನ ತಾಯಿ ಒಂದು ದಿನವೂ ಅನುಮಾನಪಡಲಿಲ್ಲ ಎಂದ.

ಪುಟ್ಟತಾಯಮ್ಮ ಎದುರಿಗೆ ಕುಳಿತಿದ್ದಳು. ಅವಳ ತಟ್ಟೆ ಖಾಲಿ ಇತ್ತು.

"ಅವ್ರು ನಂಬಿದ್ರು. ನಂಬಿ ಹೂ ಇಟ್ರು. ನಾನು ನಂಬ್ನಿಲ್ಲ, ಬಸ್ ಹತ್ತಿದೆ. ಹತ್ತಿದ್ದಕ್ಕೇ ಕಾಯಿಲೆ ಅಂತ ಗೊತ್ತಾಯ್ತು. ನಾನೂ ನಂಬಿದ್ರೆ ಇವತ್ತೂ ಮನೆ ತುಂಬ ಹೂವಾ."

ದೊಡ್ಡತಾಯಮ್ಮ ಸಾರಿನ ಪಾತ್ರೆಯನ್ನು ಮಗನ ಕಡೆ ಸರಿಸಿದಳು.

ದೇವರಾಜು ತಟ್ಟೆಯನ್ನು ಹತ್ತಿರ ಎಳೆದುಕೊಂಡ. ಟಿಕೆಟ್ ತೆಗೆದುಕೊಂಡಿದ್ದೆಯಾ ಎಂದು ಕೇಳಿದ. ತೆಗೆದುಕೊಂಡಿದ್ದೆ ಎಂದಳು. ಅವನು ತಲೆಯಾಡಿಸಿ ಮುದ್ದೆ ಮುರಿದ. ಆಗ ಇನ್ನೊಂದು ಸಂಗತಿ ಅವನ ಕಣ್ಣಿಗೆ ಬಿತ್ತು. ಹಾಸನಕ್ಕೆ ಹೋಗಿಬಂದ ದಿನದಿಂದ ಅವಳು ಅವನ ಜೊತೆ ಉಣ್ಣುತ್ತಿರಲಿಲ್ಲ. ಎದುರಿಗೆ ಕೂತು, ಅವನು ತುತ್ತು ಬಾಯಿಗಿಟ್ಟಾಗಲೆಲ್ಲ ಅವನ ಗಂಟಲನ್ನೇ ನೋಡುತ್ತಿದ್ದಳು. ತುತ್ತು ಇಳಿದ ಮೇಲೆ ಉಸಿರು ಬಿಡುತ್ತಿದ್ದಳು. ಏನೆಂದು ಅವನು ಕೇಳಿದ. ಏನಿಲ್ಲ ಎಂದಳು. ಡಾಕ್ಟರು ಏನು ಹೇಳಿದರೆಂದು ಮತ್ತೆ ಕೇಳಿದ. ಇಷ್ಟು ವಾರದ ಜಗಳದಲ್ಲಿ, ಓಡಾಟದಲ್ಲಿ ಒಮ್ಮೆಯೂ ಅಳದವಳು ಈಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಮುದ್ದೆ ನುಂಗುವ ಮಾತನ್ನು ಹೇಳಿದಳು.

ಕೆಂಪಿ ಪುಸ್ತಕ ಮುಚ್ಚಿದಳು. ದೊಡ್ಡತಾಯಮ್ಮ ಗೋಡೆ ಹಿಡಿದು ಕುಳಿತಳು.

ದೇವರಾಜು ದೊಡ್ಡದೊಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಗೆ ಹಾಕಿಕೊಂಡ. ಹೆಂಡತಿ ಸೆರಗು ಸರಿಸಿ ನೋಡುವವರೆಗೆ ಕಾದ. ಆಮೇಲೆ ನುಂಗಿ, ನಲವತ್ತೆರಡು ವರ್ಷದ ಗಂಡಸು, ತಾಯಿ ಮತ್ತು ಮಗಳ ಎದುರಿಗೆ, ಹಲ್ಲು ಎಣಿಸಿಕೊಳ್ಳುವ ಹಾಗೆ ಬಾಯಿ ಅಗಲವಾಗಿ ತೆರೆದು ತೋರಿಸಿದ.

"ಇಳೀತು ಕಣೆ. ಈಗ ನೀನು ಉಣ್ಣು."

ಅವಳು ತಟ್ಟೆಗೆ ಮುದ್ದೆ ಹಾಕಿಕೊಂಡಳು.